ಅರಿಯುವ ಯತ್ನವೂ ಅಹಿಂಸೆಯೇ

ಭಾದ್ರಪದ ಮಾಸದ ದಶಲಕ್ಷಣ ಪರ್ವ. ಎಪ್ಪತ್ತು ದಾಟಿದ ತಾಯಿಯೊಬ್ಬರು ಉಪವಾಸ ಕೈಗೊಂಡಿದ್ದಾರೆಂದು ಭಾವಿಸೋಣ. ಸಂಜೆ ಮೈ ನಡುಗುತ್ತದೆ; ಜ್ವರ ಏರುತ್ತದೆ. ರಾತ್ರಿಯಾಗುತ್ತಿದ್ದಂತೆ ಉಸಿರಾಟ ವೇಗವಾಗುತ್ತದೆ, ಮಾತು ತೊದಲುತ್ತದೆ, ಎದುರಿಗಿರುವ ಮಗನ ಗುರುತು ಹತ್ತುವುದಿಲ್ಲ. "ಉಪವಾಸದ ನಿತ್ರಾಣ, ಬೆಳಗಾಗಲಿ, ನೋಡೋಣ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಇವರಲ್ಲಿ ಯಾರ ಮನಸ್ಸಿನಲ್ಲಿಯೂ ದ್ವೇಷವಿಲ್ಲ, ಕ್ರೌರ್ಯವಿಲ್ಲ. ಆದರೂ ಬೆಳಗಿನವರೆಗಿನ ಆ ನಿರೀಕ್ಷೆಯಲ್ಲಿ ಹಿಂಸೆಯ ಅಂಶವಿದೆಯೇ? ಈ ಪ್ರಶ್ನೆಯನ್ನು ಶ್ರಾವಕರಾದ ನಾವು ವಿಚಾರ ಮಾಡಬೇಕಾಗಿದೆ.

ಮೇಲೆ ಹೇಳಿದ ಲಕ್ಷಣಗಳು ಸೆಪ್ಸಿಸ್ ಎಂಬ ವ್ಯಾಧಿಯ ಸೂಚನೆಗಳಾಗಿರಬಹುದು. ಮೂತ್ರನಾಳದಲ್ಲೋ ಶ್ವಾಸಕೋಶದಲ್ಲೋ ಹುಟ್ಟಿದ ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆ ಹತೋಟಿ ತಪ್ಪಿ, ದೇಹದ ಅಂಗಾಂಗಗಳನ್ನೇ ಘಾಸಿಗೊಳಿಸುವ ಸ್ಥಿತಿಯಿದು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4 ಕೋಟಿ 89 ಲಕ್ಷ ಮಂದಿ ಇದಕ್ಕೆ ತುತ್ತಾದರೆಂದೂ, ಸುಮಾರು 1 ಕೋಟಿ 10 ಲಕ್ಷ ಮಂದಿ ಮೃತರಾದರೆಂದೂ ಅಂದಾಜಿಸಲಾಗಿದೆ. ಇಲ್ಲಿ ಕಾಲವೇ ಪ್ರಾಣ. ಕೆನಡಾ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು, ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದವರನ್ನು ಕುರಿತದ್ದು. ಮೊದಲ ಗಂಟೆಯೊಳಗೆ ತಕ್ಕ ಔಷಧ ದೊರೆತವರಲ್ಲಿ ಸುಮಾರು ನೂರಕ್ಕೆ 80 ಮಂದಿ ಬದುಕುಳಿದರು. ಅನಂತರದ ಪ್ರತಿಯೊಂದು ಗಂಟೆಯ ವಿಳಂಬಕ್ಕೂ ಆ ಪ್ರಮಾಣ ಸರಾಸರಿ ನೂರಕ್ಕೆ 7.6ರಷ್ಟು ಇಳಿಯುತ್ತ ಹೋಯಿತು.

ಆದರೆ ತಕ್ಕ ಔಷಧ ಯಾವುದೆಂದು ತಿಳಿಯಬೇಕಾದರೆ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಬೇಕು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಬ್ಯಾಕ್ಟೀರಿಯಾಗಳಾದರೋ ಅನೇಕ ವೇಳೆ ಹತ್ತಕ್ಕೂ ಕಡಿಮೆ. ರಾಗಿಯ ರಾಶಿಯಲ್ಲಿ ಒಂದು ಸಾಸಿವೆ ಕಾಳನ್ನು ಹುಡುಕಿದಂತೆಯೇ ಸರಿ. ಆದ್ದರಿಂದಲೇ ರಕ್ತವನ್ನು ಪೋಷಕ ದ್ರವವಿರುವ ಸೀಸೆಯಲ್ಲಿ ಬೆಚ್ಚಗಿರಿಸಿ, ಅಲ್ಲಿರುವ ಸೂಕ್ಷ್ಮಾಣುಗಳು ಕೋಟಿ ಕೋಟಿಯಾಗಿ ವೃದ್ಧಿಯಾಗುವವರೆಗೆ ಕಾಯುತ್ತಾರೆ. ಬ್ಲಡ್ ಕಲ್ಚರ್ ಎಂದು ವೈದ್ಯರು ಹೇಳುವುದು ಇದನ್ನೇ. ಬೆಳವಣಿಗೆ ಕಂಡುಬರಲು ಸಾಮಾನ್ಯವಾಗಿ ಅರ್ಧ ದಿನದಿಂದ ಎರಡು ದಿನ ಬೇಕು. ಅದರ ಜಾತಿಯನ್ನೂ, ಅದು ಯಾವ ಔಷಧಕ್ಕೆ ಮಣಿಯುತ್ತದೆಂಬುದನ್ನೂ ನಿರ್ಣಯಿಸಲು ಮತ್ತೊಂದೆರಡು ದಿನ.

ರೋಗಿ ಅಷ್ಟು ಕಾಲ ಕಾಯಲಾರ. ಆದಕಾರಣ ವೈದ್ಯರು ಅನೇಕ ಜಾತಿಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೆ ನಾಶಮಾಡಬಲ್ಲ ಪ್ರತಿಜೀವಕವನ್ನು ಊಹೆಯ ಮೇಲೆ ಕೊಡುತ್ತಾರೆ. ಇದು ಅನಿವಾರ್ಯ; ಇದೇ ಇಂದಿನ ವೈದ್ಯಕೀಯ ನಿಯಮವೂ ಹೌದು. ಆದರೆ ಈ ಊಹೆಗೆ ಬೆಲೆಯುಂಟು. ಕೆಲವೊಮ್ಮೆ ಆ ಔಷಧ ನಾಟುವುದೇ ಇಲ್ಲ. ನಾಟಿದರೂ ಕರುಳಿನಲ್ಲಿ ನಮಗೆ ಉಪಕಾರ ಮಾಡುತ್ತಿರುವ ಅಸಂಖ್ಯ ಸೂಕ್ಷ್ಮಾಣುಗಳು ವೃಥಾ ನಾಶವಾಗುತ್ತವೆ. ಅದಕ್ಕೂ ಮಿಗಿಲಾಗಿ, ಔಷಧಕ್ಕೆ ಬಗ್ಗದ ತಳಿಗಳು ಪ್ರಬಲಿಸುತ್ತವೆ. ಅಂಥ ತಳಿಗಳ ಪ್ರತಿರೋಧವೇ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂಬ ಅಂದಾಜಿದೆ.

ಕಾಯುವ ಈ ಅವಧಿಯನ್ನು ಕುಗ್ಗಿಸಲು ವಿಜ್ಞಾನಿಗಳು ಶ್ರಮಿಸುತ್ತಿದ್ದಾರೆ. ರಕ್ತದಲ್ಲಿಯೇ ನೇರವಾಗಿ ಐದು ಬಗೆಯ ಬ್ಯಾಕ್ಟೀರಿಯಾಗಳನ್ನು ಕೆಲವೇ ಗಂಟೆಗಳಲ್ಲಿ ಗುರುತಿಸುವ ಪರೀಕ್ಷೆಯೊಂದಕ್ಕೆ 2018ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಮನ್ನಣೆ ನೀಡಿತು. 2025ರಲ್ಲಿ ಸ್ವೀಡನ್ನಿನ ಸಂಶೋಧಕರು ರಕ್ತವನ್ನು ವಿಶೇಷ ರೀತಿಯಲ್ಲಿ ತಿರುಗಿಸಿ, ರಕ್ತಕಣಗಳು ಕೆಳಗಿಳಿದು ಬ್ಯಾಕ್ಟೀರಿಯಾಗಳು ಮೇಲೆ ಉಳಿಯುವಂತೆ ಮಾಡಿ, ಸೂಕ್ಷ್ಮದರ್ಶಕದ ಚಿತ್ರಗಳನ್ನು ಗಣಕಯಂತ್ರದಿಂದ ಪರಿಶೀಲಿಸುವ ವಿಧಾನವನ್ನು ಪ್ರಕಟಿಸಿದರು. ಪ್ರಯೋಗಕ್ಕಾಗಿ ರಕ್ತಕ್ಕೆ ಬೆರೆಸಿದ್ದ ಕೆಲವು ಜಾತಿಗಳು ಎರಡು ಗಂಟೆಯೊಳಗೆ ಪತ್ತೆಯಾದವು. ಆದರೆ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬಹು ಸಾಮಾನ್ಯವಾದ ಜಾತಿಯು ಸುಲಭವಾಗಿ ಸಿಕ್ಕಲಿಲ್ಲ. ಹೀಗಾಗಿ ಹಳೆಯ ಸೀಸೆಯನ್ನು ಬದಿಗಿಡುವ ಕಾಲವಿನ್ನೂ ಬಂದಿಲ್ಲ.

ಇನ್ನು ಧರ್ಮದ ದೃಷ್ಟಿಗೆ ಬರೋಣ. ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಕ್ಕೆ ಹಾನಿಯಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ನಿರೂಪಿಸಿದ್ದಾರೆ. ಹಾನಿಯ ಜೊತೆಗೆ ಅಜಾಗರೂಕತೆಯೂ ಅಲ್ಲಿ ವಿಚಾರಣೆಗೆ ಒಳಪಡುತ್ತದೆ. ಈ ಒರೆಗಲ್ಲಿಗೆ ಹಚ್ಚಿದಾಗ ಅಜ್ಞಾನದಲ್ಲಿ ಎರಡು ಬಗೆಯಿರುವುದು ಗೋಚರಿಸುತ್ತದೆ. ಯತ್ನಿಸಿಯೂ ತಿಳಿಯದಿರುವುದು ಒಂದು. ತಿಳಿಯಲು ಯತ್ನಿಸದಿರುವುದು ಇನ್ನೊಂದು. ರಕ್ತವನ್ನು ಪರೀಕ್ಷೆಗೆ ತೆಗೆದು, ತಡಮಾಡದೆ ಔಷಧ ಕೊಟ್ಟು, ಫಲಿತಾಂಶವನ್ನು ಎದುರುನೋಡುವ ವೈದ್ಯರದು ಮೊದಲನೆಯ ಬಗೆ. ಅವರ ಊಹೆ ತಪ್ಪಿದರೂ ಅವರು ಪ್ರಮತ್ತರಲ್ಲ. ಆಸ್ಪತ್ರೆ ಹತ್ತಿರವಿದ್ದೂ ಬೆಳಗಾಗಲೆಂದು ಕಾದ ಮನೆಯವರದು, ವರದಿ ಬಂದರೂ ಮರುದಿನದವರೆಗೆ ಅದನ್ನು ನೋಡದ ಪ್ರಯೋಗಾಲಯದ್ದು ಎರಡನೆಯ ಬಗೆ. ಪ್ರಮಾದವಿರುವುದು ಇಲ್ಲಿ.

ಬ್ಯಾಕ್ಟೀರಿಯಾಗಳೂ ಜೀವಿಗಳಲ್ಲವೇ, ಅವುಗಳನ್ನು ಕೊಲ್ಲಲು ಇಷ್ಟು ಆತುರವೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಬೇಕು. ಪ್ರಾಣರಕ್ಷಣೆಗಾಗಿ ಅನಿವಾರ್ಯವಾಗಿ ಒದಗುವ ಹಿಂಸೆಯನ್ನು ಸಾಧ್ಯವಾದಷ್ಟು ಮಿತಗೊಳಿಸಬೇಕು. ಮಾಂಸ, ಮಧು, ಮದ್ಯಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಚಿಕಿತ್ಸೆಯನ್ನು ನಿಷೇಧಿಸಲಿಲ್ಲ. ಅದಕ್ಕೊಂದು ಮೇರೆಯನ್ನು ಹಾಕಿದರು. ಶೀಘ್ರ ಪರೀಕ್ಷೆಯೂ ಅಂಥದೇ ಮೇರೆ. ಶತ್ರು ಯಾರೆಂದು ತಿಳಿಯದವನು ಎಲ್ಲರ ಮೇಲೂ ಬಾಣ ಬಿಡುತ್ತಾನೆ. ತಿಳಿದವನಿಗೆ ಒಂದೇ ಸಾಕು. ಜ್ಞಾನವಿಲ್ಲದ ದಯೆ ಕುರುಡಾಗುವುದೆಂಬ ಮಾತಿನ ಅರ್ಥ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಮತ್ತೊಂದು ಸೂಕ್ಷ್ಮ ವಿಷಯವನ್ನು ಹೇಳದೆ ಗತ್ಯಂತರವಿಲ್ಲ. ಸಲ್ಲೇಖನಕ್ಕೆ ತಕ್ಕ ಸಂದರ್ಭಗಳಲ್ಲಿ ಪ್ರತೀಕಾರವಿಲ್ಲದ ರೋಗವೂ ಒಂದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಪ್ರತೀಕಾರವಿಲ್ಲವೆಂಬುದು ಒಂದು ನಿರ್ಣಯ. ಪರೀಕ್ಷಿಸದೆ ಅದನ್ನು ಮಾಡಲಾಗದು. ಸಲ್ಲೇಖನವು ಎಚ್ಚೆತ್ತ ಮನಸ್ಸಿನ ವ್ರತ. ಸೋಂಕಿನಿಂದ ಚಿತ್ತ ಮಂಕಾದ ವೃದ್ಧರು ಅನ್ನ ನೀರು ಬೇಡವೆಂದಾಗ ಅದನ್ನು ವೈರಾಗ್ಯವೆಂದು ಬಗೆದು ಕೈಕಟ್ಟಿ ಕುಳಿತರೆ, ಆ ಪವಿತ್ರ ವ್ರತಕ್ಕೂ ಆ ಹಿರಿಯರಿಗೂ ಅಪಚಾರವೆಸಗಿದಂತಾಗುತ್ತದೆ.

ಹಾಗಾದರೆ ನಮ್ಮ ಕರ್ತವ್ಯವೇನು? ಉಪವಾಸ ಕೈಗೊಳ್ಳುವ ಹಿರಿಯರನ್ನು, ಜ್ವರ ಬಂದರೆ ರಾತ್ರಿಯಲ್ಲಿ ಚಿಕಿತ್ಸೆ ಒಪ್ಪುವಿರಾ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಮನೆಯವರ ಹೊಣೆ. ರಾತ್ರಿಭೋಜನ ತ್ಯಾಗವು ಆಹಾರಕ್ಕೆ ಸಂಬಂಧಿಸಿದ್ದು, ರಕ್ತಪರೀಕ್ಷೆ ಆಹಾರವಲ್ಲ. ನಡುಕ, ಗೊಂದಲ, ಏದುಸಿರು ಒಟ್ಟಿಗೆ ಕಂಡರೆ ಬೆಳಗಿನವರೆಗೆ ಕಾಯಬಾರದು. ಬಸದಿಗಳ ಟ್ರಸ್ಟುಗಳು ಚತುರ್ವಿಧ ದಾನಗಳಲ್ಲೊಂದಾದ ಔಷಧದಾನಕ್ಕೆ ಹಣ ಮೀಸಲಿಡುತ್ತವೆ. ಬೆಲೆಬಾಳುವ ಯಂತ್ರವನ್ನು ಕೊಡಿಸಿ ಗೋಡೆಯ ಮೇಲೆ ದಾನಿಗಳ ಹೆಸರು ಬರೆಸುವ ಮುನ್ನ ಅವು ಕೇಳಬೇಕಾದ ಪ್ರಶ್ನೆಗಳುಂಟು. ನಮ್ಮ ಊರಿನ ಆಸ್ಪತ್ರೆಯಲ್ಲಿ ಕಲ್ಚರ್ ಸೀಸೆಗಳು ಸದಾ ಇವೆಯೇ? ಮೊದಲ ಔಷಧಕ್ಕೆ ಮುನ್ನ, ಔಷಧಕ್ಕೆ ತಡವಾಗದಂತೆ, ರಕ್ತ ತೆಗೆಯುತ್ತಾರೆಯೇ? ಆ ಸೀಸೆ ರಾತ್ರಿಯೇ ಪ್ರಯೋಗಾಲಯ ಸೇರುತ್ತದೆಯೇ? ಫಲಿತಾಂಶವನ್ನು ವೈದ್ಯರಿಗೆ ಆಗಲೇ ತಿಳಿಸುವವರಿದ್ದಾರೆಯೇ? ಎರಡು ಗಂಟೆಯಲ್ಲಿ ಉತ್ತರ ಕೊಡುವ ಯಂತ್ರವಿದ್ದು, ಆ ಉತ್ತರ ಹತ್ತು ಗಂಟೆ ಮೇಜಿನ ಮೇಲೆ ಬಿದ್ದಿದ್ದರೆ ಪ್ರಯೋಜನವೇನು?

ನೆಲ ನೋಡಿ ಹೆಜ್ಜೆಯಿಡುವುದನ್ನು, ನೀರು ಸೋಸಿ ಕುಡಿಯುವುದನ್ನು ನಮ್ಮ ಹಿರಿಯರು ಕಲಿಸಿಕೊಟ್ಟರು. ಕಣ್ಣಿಗೆ ಕಾಣದ ಜೀವವಿದ್ದೀತು, ಮೊದಲು ನೋಡು ಎಂಬುದೇ ಆ ಆಚಾರಗಳ ತಿರುಳು. ಹಾಸಿಗೆ ಹಿಡಿದ ತಾಯಿಯ ಬಳಿಯಲ್ಲಿಯೂ ನಾವು ಪಾಲಿಸಬೇಕಾದುದು ಅದೇ ಯತ್ನಾಚಾರ: ಬೇಗ ನೋಡುವುದು, ಸರಿಯಾಗಿ ತಿಳಿಯುವುದು, ಅಗತ್ಯವಿರುವಷ್ಟನ್ನೇ ಮಾಡುವುದು.