ಏಕತಾರಿಯೂ ಗಿಟಾರೂ

ಹಾಡುಗಾರ ತನ್ನ ಧಾಟಿ ಬದಲಿಸಿದರೆ ಕೇಳುವವರಿಗೇಕೆ ಸಿಟ್ಟು ಬರಬೇಕು? ಈ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಳ್ಳುವ ಪ್ರಸಂಗ ಬಂತು.

ತನ್ನ ಹಾಡುಗಳನ್ನು ತಾನೇ ಕಟ್ಟಿ ಹಾಡುವ ರಘು ದೀಕ್ಷಿತ್, 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಗುಡುಗುಡಿಯ ಪದವನ್ನೂ ಹಾಡಿದ್ದಾರೆ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗಳು ಅದನ್ನು ಮೊಬೈಲಿನಲ್ಲಿ ಹಚ್ಚಿದ್ದಳು. ಗಿಟಾರು, ಡ್ರಮ್ಮು! "ಬಂದ್ ಮಾಡ, ಷರೀಫಜ್ಜನ್ನ ಹಿಂಗ್ಯಾಕ ಕುಣಸ್ತಾರ?" ಎಂದೆ. ಅಂದ ಮೇಲೆ ನಾಚಿಕೆಯಾಯಿತು. ಅದು ನನ್ನ ಮಾತಲ್ಲ, ಅಪ್ಪನದು.

1990ರಲ್ಲಿ 'ಸಂತ ಶಿಶುನಾಳ ಷರೀಫ' ಸಿನಿಮಾ ಬಂದಾಗ ಸಿ. ಅಶ್ವತ್ಥರ ಕ್ಯಾಸೆಟ್ಟಿಗೆ ನಾನು ಮರುಳಾಗಿದ್ದೆ. ನರಗುಂದದ ತವರಿನಲ್ಲಿ ಅಪ್ಪ ಮಾತ್ರ ಮುಖ ಕಿವುಚಿದರು. "ಈ ವಾದ್ಯದ ಗದ್ದಲದಾಗ ಅಜ್ಜ ಎಲ್ಲಿ ಅದಾನ ಹುಡುಕು" ಎಂದರು. ಶ್ರಾವಣ ಸೋಮವಾರ ಓಣಿಯ ಗುಡಿಯಲ್ಲಿ ಏಕತಾರಿ, ದಿಮ್ಮು, ತಾಳದೊಂದಿಗೆ ಹಾಡುತ್ತಿದ್ದವರು ಅವರು. ಅವರ ಮೇಳದಲ್ಲೂ ಹಾರ್ಮೋನಿಯಂ ಇತ್ತು! ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಹುಟ್ಟಿದ ಪೆಟ್ಟಿಗೆ ಅದು. ಅಪ್ಪನಿಗೆ ಅದು ಪರಕೀಯ ಎನ್ನಿಸಲೇ ಇಲ್ಲ.

ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ದಾಸರ ಪದಗಳನ್ನು ಹಿಂದೂಸ್ತಾನಿಯಲ್ಲಿ ಹಾಡಿದರು. ನಮ್ಮವರೆಂದು ಬೀಗಿದೆವು. ಪುರಂದರದಾಸರು ಹೀಗೆ ಹಾಡಿದ್ದರೇ ಎಂದು ಯಾರೂ ಕೇಳಲಿಲ್ಲ. ಅತ್ತ ಅಮೆರಿಕದಲ್ಲಿ 1965ರಲ್ಲಿ, ಜನಪದದ ಹಾದಿಯ ಬಾಬ್ ಡಿಲನ್ ನ್ಯೂಪೋರ್ಟಿನಲ್ಲಿ ಎಲೆಕ್ಟ್ರಿಕ್ ಗಿಟಾರು ಹಿಡಿದು ನಿಂತಾಗ ಅವರ ಅಭಿಮಾನಿಗಳೇ ಕೂಗಾಡಿದರಂತೆ. ನಾವು ಕಾಯುವುದು ಹಾಡನ್ನೋ, ಅದನ್ನು ಮೊದಲು ಕೇಳಿದ ನಮ್ಮ ವಯಸ್ಸನ್ನೋ?

ಹಾಗೆಂದು ಏನು ಮಾಡಿದರೂ ಸರಿ ಎನ್ನಲಾರೆ. ಸದ್ದಿನ ಕೆಳಗೆ ಮಾತು ಸತ್ತರೆ ಅದು ತಪ್ಪೇ. ಷರೀಫರು ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದವರು. ಪಾಠ ತಿಳಿಯದಿದ್ದರೆ ಒಪ್ಪುತ್ತಿದ್ದರೆ?

ಆದರೆ ಮಗಳು ಅಂದು ಮೊಬೈಲು ಬಂದ್ ಮಾಡಿ ಕೇಳಿದ್ದು ಬೇರೆ. "ಅವ್ವಾ, ಗುಡುಗುಡಿ ಅಂದ್ರ ಹುಕ್ಕಾ ಅಲ್ಲ? ಸಂತರು ಸೇದು ಅಂತಾರೇನು?" ಭ್ರಮೆಯನ್ನೇ ಸೊಪ್ಪಿನಂತೆ ಕೊಚ್ಚಿ ಸುಡುವ ಮಾತದು ಎಂದು ಹೇಳುತ್ತ ಕೂತೆ. ಒಲೆಯ ಮೇಲಿನ ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ. ಇಷ್ಟು ವರ್ಷ ಅಪ್ಪನ ಏಕತಾರಿಯನ್ನು ಗೋಡೆಗೆ ತೂಗುಹಾಕಿ ಧೂಳು ಒರೆಸಿದ್ದೆನೇ ಹೊರತು ಆ ಪದದ ಅರ್ಥವನ್ನು ಅವಳಿಗೆ ಹೇಳಿರಲಿಲ್ಲ.

ಡ್ರಮ್ಮಿನ ಸದ್ದು ಮಾತ್ರ ನನಗೆ ಇನ್ನೂ ಹಿಡಿಸಿಲ್ಲ.