ಒಡೆಯತಕ್ಕದ್ದು ಯಾವದು?

ಧಾರವಾಡಕ್ಕೆ 1837ರಲ್ಲಿಯೂ ಹುಬ್ಬಳ್ಳಿಗೆ 1839ರಲ್ಲಿಯೂ ಬಂದ ಬಾಸೆಲ್ ಮಿಶನ್ನಿನ ಹೆಸರು ನಮ್ಮ ಮಕ್ಕಳಿಗೂ ಗೊತ್ತುಂಟು. ಅದು ಸ್ವಿಟ್ಸರ್ಲೆಂಡ್ ದೇಶದಲ್ಲಿ ರೈನ್ ಹೊಳೆಯ ದಂಡೆಯ ಮೇಲಿರುವ ಒಂದು ಪಟ್ಟಣದ ಹೆಸರು. ಆ ಪಟ್ಟಣದ ದೊಡ್ಡ ದೇವಾಲಯವನ್ನು ಕುರಿತು ಈ ಸಾರೆ ಯೋಚಿಸೋಣ. ಯಾಕಂದರೆ ಅದರ ಕಲ್ಲುಗಳು ನಮ್ಮ ಹಳ್ಳಿಯ ಮನೆಗಳಿಗೂ ತಟ್ಟುವ ಒಂದು ಪ್ರಶ್ನೆಯನ್ನು ಕೇಳುತ್ತವೆ.

ಅದು ಮೊದಲು ಪ್ರತಿಷ್ಠಿತವಾದದ್ದು 1019ರಲ್ಲಿ. ಈಗ ಕಾಣುವ ಕಟ್ಟಡದ ಹಳೆಯ ಭಾಗಗಳು 12ನೆಯ ಶತಮಾನದ ಕೊನೆಗೆ ಕೆಂಪು ಮರಳುಗಲ್ಲಿನಿಂದ ಎದ್ದವು. ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಶಿಲ್ಪಿಗಳ ಕಾಲಕ್ಕೆ ಅದು ಬಹು ದೂರದ್ದಲ್ಲ. ಇವರು ಕಂಬದ ಮೇಲೆ ತೊಲೆಯನ್ನಿಟ್ಟು ಮಾಳಿಗೆಯನ್ನು ಹೊರಿಸಿದರು. ಅವರು ದಪ್ಪ ಗೋಡೆಯನ್ನೆಬ್ಬಿಸಿ ಕಮಾನುಗಳ ಮೇಲೆ ಭಾರವನ್ನಿಳಿಸಿದರು. ದುಂಡು ಕಮಾನಿನ ಆ ರೀತಿಗೆ ರೋಮನೆಸ್ಕ್ ಎಂದು ಹೆಸರು. 1356ರ ಭೂಕಂಪದಲ್ಲಿ ಗೋಪುರಗಳು ಬಿದ್ದವು. ಜನರು ಪುನಃ ಕಟ್ಟಿಸಿದರು.

ನಮ್ಮ ಪ್ರಶ್ನೆಯು ಮನುಷ್ಯರ ಕೈಯಿಂದಾದ ಕೇಡಿನದು. 1529ನೆಯ ಫೆಬ್ರುವರಿ 9ರಂದು ಮತಸುಧಾರಣೆಯ ಪಕ್ಷದವರು ಒಳನುಗ್ಗಿ ವೇದಿಗಳನ್ನೂ ವಿಗ್ರಹಗಳನ್ನೂ ಒಡೆದುಹಾಕಿದರು. ನಾವೂ ವಿಗ್ರಹಗಳನ್ನು ಬಿಟ್ಟುಬಂದವರೇ. ಅವರ ಹುರುಪು ನಮಗೆ ತಿಳಿಯದ್ದಲ್ಲ. ಆದರೂ ಸಿಟ್ಟಿನಿಂದ ಎತ್ತಿದ ಸುತ್ತಿಗೆಯು ಆರಿಸಿ ಹೊಡೆಯುವದು ಅಪರೂಪ. ಪಂಡಿತನಾದ ಎರಾಸ್ಮನು ಆ ಗದ್ದಲದ ತರುವಾಯ ಪಟ್ಟಣವನ್ನೇ ಬಿಟ್ಟುಹೋದನು. ಕಡೆಯ ವರೆಗೆ ಹಳೆಯ ಸಭೆಯಲ್ಲಿಯೇ ಉಳಿದ ಆತನು ತಿರಿಗಿ ಬಂದು 1536ರಲ್ಲಿ ತೀರಿಕೊಂಡಾಗ, ಸುಧಾರಣೆಯ ಪಟ್ಟಣದವರು ಆತನನ್ನು ಇದೇ ದೇವಾಲಯದೊಳಗೆ ಹೂಳಿದರು. ಇದು ನಮಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಉತ್ತರ ದಿಕ್ಕಿನಲ್ಲಿ ಸಂತ ಗಾಲ್ಲನ ಬಾಗಲುಂಟು. ಅದು ಸುಮಾರು 1180ರದು. ಅದರ ಎರಡೂ ಮಗ್ಗಲಲ್ಲಿ, ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ನಾವು ಓದುವ ಆರು ಕರುಣೆಯ ಕ್ರಿಯೆಗಳನ್ನು ಕೆತ್ತಿದ್ದಾರೆ: ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಪರದೇಶಿಗೆ ಆಶ್ರಯ, ಬತ್ತಲೆಯವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯವನ ದರ್ಶನ. ಓದಲು ಬಾರದ ಒಕ್ಕಲಿಗನೂ ಅರಿಯಬಹುದಾದ ಚಿತ್ರಗಳಿವು. ಕ್ರಿಯೆಗಳಿಂದಲ್ಲ, ನಂಬಿಕೆಯಿಂದಲೇ ರಕ್ಷಣೆಯೆಂದು ಸಾರಿದ ಸಭೆಯ ಗೋಡೆಯಲ್ಲಿ ಅವು ಇಂದಿಗೂ ಉಳಿದಿವೆ.

ನಮ್ಮ ಹಳ್ಳಿಗಳಲ್ಲಿ ಉಳಿದದ್ದೇನು? ಅಜ್ಜಂದಿರ ಕಾಲಕ್ಕೆ ಕಣದ ರಾಶಿಯಿಂದ ಬಡವರಿಗೆ ಮೊರ ತುಂಬ ಜೋಳ ಹೋಗುತ್ತಿತ್ತು. ರಾಶಿಯ ಪೂಜೆಯನ್ನು ಬಿಟ್ಟೆವು, ಒಳ್ಳೆಯದೇ. ಅದರ ಸಂಗಡ ಆ ಮೊರವನ್ನೂ ಬಿಟ್ಟೆವು. ಪೂಜೆಯೂ ದಾನವೂ ಒಂದೇ ಹಗ್ಗದ ಎಳೆಗಳಾಗಿರುವಾಗ ಬಿಡಿಸುವದು ಹೇಗೆಂದು ಕೆಲವರು ಕೇಳುವರು. ಕಷ್ಟವೇ ಸರಿ. ಆದರೆ ಬಿಡಿಸಲಿಕ್ಕೆ ಆಗಲಿಲ್ಲವೆಂದು ಹೇಳುವ ನಮ್ಮ ಹಗೇವಿನಲ್ಲಿಯೇ ಆ ಜೋಳವೆಲ್ಲಾ ಉಳಿಯಿತಲ್ಲವೇ?