ಕಾಲು ತೊಳೆಯುವ ಗುರುವಾರ

ಈಸ್ಟರ್ ಹಬ್ಬಕ್ಕೆ ಮೂರು ದಿನ ಮುಂಚೆ, ಪವಿತ್ರ ಗುರುವಾರದ ಸಂಜೆ, ಕ್ಯಾಥೊಲಿಕ್ ಚರ್ಚುಗಳಲ್ಲಿ ಗುರುಗಳು ಪೂಜೆಯ ಮೇಲುಡುಪು ತೆಗೆದಿಟ್ಟು, ಸಾಲಾಗಿ ಕುಳಿತವರ ಮುಂದೆ ಮಂಡಿಯೂರುತ್ತಾರೆ. ಒಬ್ಬೊಬ್ಬರ ಕಾಲಿಗೂ ನೀರು ಸುರಿದು, ತೊಳೆದು, ಬಟ್ಟೆಯಿಂದ ಒರೆಸುತ್ತಾರೆ. ಬಂದವರು ಮನೆಯಲ್ಲೇ ಕಾಲು ತೊಳೆದುಕೊಂಡು ಬಂದಿರುತ್ತಾರೆ. ಕೊಳೆ ತೆಗೆಯುವುದಕ್ಕಲ್ಲದಿದ್ದರೆ ಈ ಕ್ರಿಯೆ ಮತ್ತೇತಕ್ಕೆ?

ಸಾವಿನ ಹಿಂದಿನ ರಾತ್ರಿ ಯೇಸು ತಮ್ಮ ಶಿಷ್ಯರ ಕಾಲು ತೊಳೆದರೆಂದು ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯ ಹೇಳುತ್ತದೆ. ಆ ಕಾಲಕ್ಕೆ ಅದು ಆಳುಗಳ ಕೆಲಸ. ಶಿಷ್ಯ ಪೇತ್ರ ಮೊದಲು ಒಪ್ಪಲೇ ಇಲ್ಲ. ಶಿಷ್ಯನೇ ಗುರುವಿನ ಪಾದ ತೊಳೆಯುವುದನ್ನು ನೋಡಿ ಬೆಳೆದ ನಮಗೆ ಪೇತ್ರನ ಸಂಕಟವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉಳಿದ ಮೂರು ಸುವಾರ್ತೆಗಳು ಆ ರಾತ್ರಿಯ ಊಟದ ರೊಟ್ಟಿ, ದ್ರಾಕ್ಷಾರಸದ ವಿಧಿಯನ್ನು ಹೇಳಿದರೆ, ಯೋಹಾನ ಅದರ ಜಾಗದಲ್ಲಿ ಕಾಲು ತೊಳೆದದ್ದನ್ನು ಹೇಳುತ್ತಾನೆ. ಇದು ಯೋಚಿಸಬೇಕಾದ ಸಂಗತಿ.

ಭಕ್ತಿ ಮೊದಲು, ಆಚರಣೆ ಅದರ ಹೊರರೂಪ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಕ್ರೈಸ್ತ ಚಿಂತನೆ ಇದರ ಎದುರು ದಿಕ್ಕಿನ ದಾರಿಯನ್ನೂ ತೋರಿಸುತ್ತದೆ. ವಿನಯ ಮನಸ್ಸಿಗೆ ಬರುವ ಮೊದಲೇ ಮಂಡಿ ನೆಲ ಮುಟ್ಟಬಹುದು. ದೇಹ ಮಾಡಿದ್ದನ್ನು ಮನಸ್ಸು ನಿಧಾನವಾಗಿ ಕಲಿಯಬಹುದು. ಕೈ ಮುಗಿಯಲು ಕಲಿಯುವ ಮಗುವಿಗೆ ದೇವರ ಕಲ್ಪನೆ ಎಲ್ಲಿರುತ್ತದೆ? ಹಾಗೆಂದು ಇದು ಬರೀ ಅಭ್ಯಾಸಬಲವಲ್ಲ. ದೇವರೇ ಮನುಷ್ಯದೇಹ ತಳೆದನೆಂದು ನಂಬುವ ಧರ್ಮಕ್ಕೆ ನೀರು, ರೊಟ್ಟಿ, ಎಣ್ಣೆ ಕೇವಲ ಜಡವಸ್ತುಗಳಾಗಿ ಉಳಿಯುವುದಿಲ್ಲ. ಐದನೆಯ ಶತಮಾನದ ಆರಂಭದಲ್ಲಿ ಹಿಪ್ಪೋದ ಬಿಷಪ್ ಆಗಸ್ಟೀನ್, ವಸ್ತುವಿನೊಡನೆ ವಾಕ್ಯ ಸೇರಿದಾಗ ಸಂಸ್ಕಾರವಾಗುತ್ತದೆ, ಅದು ಕಣ್ಣಿಗೆ ಕಾಣುವ ವಾಕ್ಯ ಎಂದು ವಿವರಿಸಿದ. ದೀಕ್ಷಾಸ್ನಾನ ಕೊಡುವವನು ಪಾಪಿಯಾಗಿದ್ದರೆ ಆ ಸ್ನಾನ ಸುಳ್ಳೇ ಎಂಬ ಜಗಳದಲ್ಲಿ, ಕೊಡುವವನು ನಿಜವಾಗಿ ಕ್ರಿಸ್ತನೇ ಎಂದು ಉತ್ತರಿಸಿದವನೂ ಅವನೇ.

ಈ ಉತ್ತರದಲ್ಲಿ ದೊಡ್ಡ ಸಮಾಧಾನವಿದೆ, ಅಪಾಯವೂ ಇದೆ. ವಿಧಿ ತಾನಾಗಿ ಫಲ ಕೊಡುವುದಾದರೆ ಮನಸ್ಸು ನಿದ್ದೆಹೋಗಬಹುದು. ನ್ಯಾಯವಿಲ್ಲದ ನಾಡಿನ ಬಲಿಗಳು ದೇವರಿಗೆ ಅಸಹ್ಯವೆಂದು ಆಮೋಸ ಪ್ರವಾದಿ ಬಹಳ ಹಿಂದೆಯೇ ಗುಡುಗಿದ್ದ. ಮಾರ್ಟಿನ್ ಲೂಥರ್ 1520ರಲ್ಲಿ ಏಳು ಸಂಸ್ಕಾರಗಳ ಲೆಕ್ಕವನ್ನೇ ಪ್ರಶ್ನಿಸಿ, ನಂಬಿಕೆಯಿಲ್ಲದ ಆಚರಣೆ ವ್ಯರ್ಥವೆಂದು ವಾದಿಸಿದ. ಕ್ವೇಕರರೆಂಬ ಕ್ರೈಸ್ತ ಪಂಥದವರಂತೂ ನೀರು, ರೊಟ್ಟಿ ಎರಡನ್ನೂ ಬಿಟ್ಟು ಮೌನವಾಗಿ ಕೂಡಿ ಕುಳಿತರು. ಹಾಗೆ ಕೂಡಿ ಕೂರುವುದೂ ಒಂದು ಆಚರಣೆಯೇ ಎಂದು ನನಗನ್ನಿಸುತ್ತದೆ. ದೇಹವನ್ನು ಹೊರಗಿಟ್ಟು ಪ್ರಾರ್ಥಿಸುವ ದಾರಿ ಮನುಷ್ಯರಿಗೆ ಸಿಕ್ಕಿಲ್ಲ.

ಆಚರಣೆ ಜೀವಂತವಾಗಿದ್ದರೆ ಅದು ಮಾಡುವವರನ್ನೇ ಪ್ರಶ್ನಿಸುತ್ತದೆ. ಗಂಡಸರ ಕಾಲನ್ನು ಮಾತ್ರ ತೊಳೆಯಬೇಕೆಂಬ ನಿಯಮವಿದ್ದಾಗಲೇ, 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿಯ ಕಾಲು ತೊಳೆದರು. ಅವರಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. 2016ರಲ್ಲಿ ನಿಯಮವೇ ಬದಲಾಯಿತು.

ತೊಳೆದ ಕಾಲು ಮತ್ತೆ ಬೀದಿಗೇ ಇಳಿಯಬೇಕು. ಈ ವಿಧಿ ನಡೆಯುವ ಬಲಿಪೂಜೆಯನ್ನು ಮಂಗಳೂರಿನ ಕೊಂಕಣಿ ಕ್ರೈಸ್ತರು ಮೀಸ್ ಎನ್ನುತ್ತಾರೆ. ಅದರ ಮೂಲ ಲ್ಯಾಟಿನ್ನಿನ ಮಿಸ್ಸಾ. ಪೂಜೆ ಮುಗಿದ ಮೇಲೆ ಜನರನ್ನು ಹೊರಗೆ ಕಳಿಸಿಕೊಡುವ ಮಾತಿನಿಂದ ಆ ಹೆಸರು ಬಂದಿದೆ.